ಮಗುವಿನ ಸೀಟಿನ ಚೂರು, ಯೊಸೆಮಿಟಿಯ ಕರಡಿ

ಅಮೆರಿಕದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಹೋಗಿಬಂದವರೆಲ್ಲ ಹಾಫ್ ಡೋಮ್ ಬಂಡೆಯನ್ನೂ ಜಲಪಾತಗಳನ್ನೂ ವರ್ಣಿಸುತ್ತಾರೆ. ಅವು ವರ್ಣನೆಗೆ ತಕ್ಕವೇ. ಆದರೆ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನ ಮೂರು ರಾತ್ರಿಗಳಲ್ಲಿ ಮನಸ್ಸಿನಲ್ಲಿ ನಿಂತದ್ದು ಪ್ರತಿ ಟೆಂಟ್ ಜಾಗದಲ್ಲೂ ಇರುವ ಒಂದು ಲೋಹದ ಪೆಟ್ಟಿಗೆ.

ಕರಡಿಗೆ ಸಿಗದಂತೆ ತಿನಿಸು ಇಡುವ ಪೆಟ್ಟಿಗೆ ಅದು. ಅಗಲ 45 ಇಂಚು, ಆಳ 33, ಎತ್ತರ 18. ಈ 18ನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿ. ಚಕ್ರ, ಹಿಡಿ, ಮುಚ್ಚಳ ಎಲ್ಲ ಸೇರಿಸಿ ಐಸ್‌ಬಾಕ್ಸನ್ನು ಟೇಪಿನಲ್ಲಿ ಅಳೆಯಬೇಕು. ಒಂದೇ ಒಂದು ಇಂಚು ಹೆಚ್ಚಾದರೂ ಕತ್ತಲಲ್ಲಿ ಟಾರ್ಚ್ ಹಿಡಿದು ಹಾಲು, ಮೊಟ್ಟೆ, ಐಸ್ ಎಲ್ಲ ಹೊರತೆಗೆದು, ಡಬ್ಬ ಒರೆಸಿ, ಅಡ್ಡ ಮಲಗಿಸಿ ತುರುಕುವ ಪಾಡು. ಖಾಲಿಯಾದದ್ದನ್ನು ಹೊರಗೆ ಬಿಡೋಣವೆಂದರೆ ಅದೂ ಆಗದು: ಐಸ್‌ಬಾಕ್ಸ್ ಕಂಡರೇ ಒಳಗೆ ಊಟವಿದೆ ಎಂದು ಇಲ್ಲಿನ ಕರಡಿಗಳು ಕಲಿತಿವೆ. ಇಷ್ಟು ಮುಖ್ಯವಾದ ಅಳತೆಯನ್ನು ಜಾಗ ಕಾಯ್ದಿರಿಸುವಾಗಲೇ ಎಲ್ಲರ ಕಣ್ಣಿಗೆ ರಾಚುವಂತೆ ಹೇಳಬೇಕು.

ಸಂಜೆ ಸುತ್ತು ಹಾಕುತ್ತ ಬಂದ ರೇಂಜರ್ (ಉದ್ಯಾನದ ಅಧಿಕಾರಿ) ಮೊದಲು ನೋಡಿದ್ದು ಪೆಟ್ಟಿಗೆಯನ್ನಲ್ಲ, ವ್ಯಾನಿನ ಹಿಂದಿನ ಸೀಟನ್ನು.

"ಮಗುವಿನ ಸೀಟು ಕೊಡವಿದಿರಾ?"

ತಿನಿಸೆಲ್ಲ ಪೆಟ್ಟಿಗೆಯಲ್ಲಿದೆ ಎಂದರೆ ಆಕೆಗೆ ಸಾಲದು. "ಬಿಸ್ಕತ್ತಿನ ಚೂರು ಸೀಟಿನ ಬಟ್ಟೆಯ ಸಂದಿಯಲ್ಲಿರುತ್ತದೆ. ಬಟ್ಟೆ ಬಿಚ್ಚಿ ಕೊಡವಿ. ಒದ್ದೆ ಒರಸು ಕಾಗದದ ಪೊಟ್ಟಣವನ್ನೂ ಪೆಟ್ಟಿಗೆಗೆ ಹಾಕಿ."

ಆಕೆ ಸುಮ್ಮನೆ ಹೆದರಿಸುತ್ತಿರಲಿಲ್ಲ. 2001ರಿಂದ 2007ರವರೆಗೆ ಇಲ್ಲಿ ಕರಡಿಗಳು ಒಡೆದ ವಾಹನಗಳ ಲೆಕ್ಕವನ್ನು ಸಂಶೋಧಕರು ತೆಗೆದಿದ್ದಾರೆ. ನಿಂತ ವಾಹನಗಳಲ್ಲಿ ಮಿನಿವ್ಯಾನ್‌ಗಳ ಪಾಲು ಸುಮಾರು ಶೇ. 7, ಒಡೆದವುಗಳಲ್ಲಿ ಸುಮಾರು ಶೇ. 26. ಚಿಕ್ಕ ಮಕ್ಕಳಿರುವ ಸಂಸಾರಗಳು ಓಡಾಡುವ ಗಾಡಿಯಲ್ಲಿ ಚೆಲ್ಲಿದ ಜ್ಯೂಸು, ಉದುರಿದ ಚೂರು ಹೆಚ್ಚಿದ್ದು, ವಾಸನೆಯೂ ಹೆಚ್ಚಿರಬಹುದು ಎಂಬುದು ಅವರು ಊಹಿಸಿದ ಕಾರಣಗಳಲ್ಲಿ ಒಂದು. ಗಾಜು ಏರಿಸಿ ಬೀಗ ಹಾಕಿದರೂ ಪ್ರಯೋಜನವಿಲ್ಲ. ಕರಡಿ ಕಿಟಕಿಯ ಚೌಕಟ್ಟಿನ ಮೇಲಂಚಿಗೆ ಉಗುರು ಸಿಕ್ಕಿಸಿ ಬಾಗಿಲನ್ನೇ ಕೆಳಗೆ ಬಗ್ಗಿಸಿಬಿಡುತ್ತದೆ. ಮೈಬಣ್ಣ ಬಹುಪಾಲು ಕಂದು ಆದರೂ ಇವು ಕಪ್ಪು ಕರಡಿಯ ಜಾತಿಯೇ, ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿ ಇಲ್ಲಿಲ್ಲ.

"ಗಾಡಿ ರಿಪೇರಿಯಾಗುತ್ತದೆ," ಎಂದರು ಆಕೆ. "ಮನುಷ್ಯರ ಊಟದ ರುಚಿ ಹತ್ತಿ ಭಯ ಬಿಟ್ಟ ಕರಡಿಯನ್ನು ಕೆಲವೊಮ್ಮೆ ನಾವೇ ಕೊಲ್ಲಬೇಕಾಗುತ್ತದೆ." ಆಮೇಲೆ ಪಕ್ಕದ ಟೆಂಟಿನತ್ತ ನಡೆದರು. ಆ ಮಾತು ಕೇಳಿದ ಮೇಲೆ ಸೀಟು ಬಿಚ್ಚಲು ಯಾರಿಗೂ ಬೇಸರವಾಗದು.

ಹಾಗಾಗಿ ಮಲಗುವ ಮುಂಚಿನ ಕೆಲಸ ಹೀಗೆ: ತಿನಿಸು, ಕುಡಿಯುವ ಬಾಟಲಿ, ಕಸದ ಚೀಲ, ಜಿಡ್ಡಿನ ಸ್ಟವ್, ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್ ಎಲ್ಲ ಪೆಟ್ಟಿಗೆಗೆ. ಮೊದಲು ಹಲ್ಲುಜ್ಜಿ, ಆಮೇಲೆ ಬೀಗದ ಕೊಂಡಿ. ಉಲ್ಟಾ ಮಾಡಿದರೆ ಪೇಸ್ಟ್ ಟೆಂಟಿನಲ್ಲೇ ಉಳಿಯುತ್ತದೆ. ಬಾಗಿಲು ದೂಡಿದರೆ ಸಾಲದು, ಕೊಂಡಿ ಪೂರ್ತಿ ಬಿತ್ತೇ ಎಂದು ಎಳೆದು ನೋಡಬೇಕು. ಹಗಲಲ್ಲೂ ಅಷ್ಟೆ: ಅಡುಗೆಗೆ ಬೇಕಾದ್ದನ್ನು ತೆಗೆದುಕೊಂಡ ಕೂಡಲೇ ಮುಚ್ಚಬೇಕು. ಮೇಜಿನ ಮೇಲಿಟ್ಟು ನಲ್ಲಿಯತ್ತ ಹೋದರೆ ಅಳಿಲು, ನೀಲಿ ಜೇ ಹಕ್ಕಿಗಳಿಗೂ ಅಷ್ಟು ಹೊತ್ತು ಸಾಕು.

ಉಳಿದ ಎರಡು ದಿನ ನಡಿಗೆಯಲ್ಲಿ ಕಳೆದವು. ಕಣಿವೆ ಸುಮಾರು 4,000 ಅಡಿ ಎತ್ತರದಲ್ಲಿದೆ, ರಾತ್ರಿಯ ಚಳಿ ನೆಲದಿಂದಲೇ ಏರುತ್ತದೆ. ಗಾಳಿ ತುಂಬುವ ದಪ್ಪ ಹಾಸಿಗೆ ಇಲ್ಲಿ ಶುದ್ಧ ದಂಡ: ಒಳಗಿನ ಗಾಳಿ ಸುತ್ತುತ್ತ ಮೈಯ ಬಿಸಿಯನ್ನು ನೆಲಕ್ಕೆ ಸಾಗಿಸುತ್ತದೆ. ತೆಳುವಾದ ಫೋಮ್ ಚಾಪೆಯೇ ಮೇಲು. ಕಣಿವೆಯಲ್ಲಿ ಬಿದ್ದ ಸೌದೆ ಆರಿಸುವಂತಿಲ್ಲ, ಕೊಂಡು ತರಬೇಕು. ಬೇಸಿಗೆಯಲ್ಲಿ ಬೆಂಕಿ ಹಾಕಲು ಸಂಜೆ 5ರಿಂದ ರಾತ್ರಿ 10ರವರೆಗೆ ಮಾತ್ರ ಅವಕಾಶ.

ಹೊರಡುವ ಬೆಳಿಗ್ಗೆ ಉಳಿದ ಅಕ್ಕಿ, ಎಣ್ಣೆಯನ್ನು ಮುಂದಿನವರಿಗಿರಲಿ ಎಂದು ಪೆಟ್ಟಿಗೆಯಲ್ಲಿ ಬಿಡಬೇಡಿ. ಮೂಲೆಗಳನ್ನೂ ಒರೆಸಿ, ಖಾಲಿಯಿದ್ದರೂ ಕೊಂಡಿ ಹಾಕಿಯೇ ಹೊರಡಿ.