ಬೆಲ್ಲದ ಚಹಾ ಮತ್ತು ಮಧುಮೇಹಿಗಳು

ಪುಣೆಯಲ್ಲಿ ಈಗ ಎತ್ತ ಹೋದರೂ ‘ಗುಳಾಚಾ ಚಹಾ’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಬೆಲ್ಲದ ಚಹಾದ ರುಚಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಇಲ್ಲಿಯ ನಮ್ಮ ಕನ್ನಡ ಮನೆಗಳಲ್ಲಿ ಮಧುಮೇಹವಿರುವ ಹಿರಿಯರು ‘ಸಕ್ಕರೆ ಬಿಟ್ಟೇಬಿಟ್ಟೆ, ಈಗೇನಿದ್ದರೂ ಬೆಲ್ಲವೇ’ ಎಂದು ನೆಮ್ಮದಿಯಿಂದ ಹೇಳುವಾಗ, ಆ ಧೈರ್ಯದ ಮೇಲೆಯೇ ಇನ್ನೊಂದು ಲೋಟ ಹಾಕಿಸಿಕೊಳ್ಳುವಾಗ, ನನಗೆ ನಿಜಕ್ಕೂ ಆತಂಕವಾಗುತ್ತದೆ.

ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಸಣ್ಣ ಕರುಳಿನಲ್ಲಿ ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆ ಗ್ಲೂಕೋಸ್ ಬಿಳಿ ಹರಳಿನಿಂದ ಬಂದಿರಲಿ, ಕೊಲ್ಹಾಪುರದ ಬೆಲ್ಲದ ಹೆಂಟೆಯಿಂದ ಬಂದಿರಲಿ, ರಕ್ತಕ್ಕೆ ಸೇರುವ ರೀತಿ ಒಂದೇ. ಒಂದು ಗ್ರಾಂ ಸಕ್ಕರೆ ಸುಮಾರು 4 ಕಿಲೊಕ್ಯಾಲೊರಿ ಕೊಟ್ಟರೆ ಬೆಲ್ಲ ಕೊಡುವುದು ಅದಕ್ಕಿಂತ ತುಸುವೇ ಕಡಿಮೆ. ಜೇನುತುಪ್ಪವೂ ಇದಕ್ಕೆ ಹೊರತಲ್ಲ: ದಿನದ ಒಟ್ಟು ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಾಗ ಜೇನಿನ ಸಕ್ಕರೆಯನ್ನೂ ಆ ಲೆಕ್ಕದೊಳಗೇ ಸೇರಿಸಿತ್ತು.

ಬೆಲ್ಲದಲ್ಲಿ ಕಬ್ಬಿಣಾಂಶವಿದೆ ಎಂಬುದು ಸುಳ್ಳಲ್ಲ. ಆದರೆ ಪ್ರಮಾಣ ನೋಡಬೇಕು. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಹತ್ತು ಗ್ರಾಂ ಬೆಲ್ಲದಿಂದ, ಎಷ್ಟೇ ಧಾರಾಳವಾಗಿ ಲೆಕ್ಕ ಹಾಕಿದರೂ, ಒಂದು ಮಿಲಿಗ್ರಾಂ ಸಿಕ್ಕೀತು. ರಕ್ತಹೀನತೆಗೆ ಇದನ್ನೇ ಔಷಧವೆಂದು ನಂಬಿ ಕೂರುವುದು ಸರಿಯಲ್ಲ.

ಬಣ್ಣದ ವಿಷಯದಲ್ಲಿಯೂ ನಮ್ಮ ಕಣ್ಣು ಮೋಸ ಹೋಗುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಅಗಲವಾದ ಕೊಪ್ಪರಿಗೆಯಲ್ಲಿ ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಕಸವೆಲ್ಲ ನೊರೆಯೊಂದಿಗೆ ಮೇಲೇರುತ್ತದೆ, ಅದನ್ನು ಜಾಲರಿ ಸೌಟಿನಿಂದ ತೆಗೆಯುತ್ತಾರೆ. ಇಷ್ಟೇ ಮಾಡಿದರೆ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕೆ ಬರುತ್ತದೆ. ಗಿರಾಕಿಗಳು ಹಳದಿ ಬೆಲ್ಲವನ್ನೇ ಕೇಳುವುದರಿಂದ ಕೆಲವರು ಗಂಧಕದ ಸಂಯುಕ್ತವಾದ ‘ಹೈಡ್ರೋಸ್’ ಪುಡಿ ಬೆರೆಸುತ್ತಾರೆ. ‘ರಾಸಾಯನಿಕವಿಲ್ಲದ್ದು’ ಎಂದು ನಾವು ಆರಿಸಿ ತರುವ ಹೊಂಬಣ್ಣದ ಬೆಲ್ಲದಲ್ಲಿಯೇ ಅದು ಇರುವ ಸಾಧ್ಯತೆ ಹೆಚ್ಚು.

ಕೃತಕ ಸಿಹಿಕಾರಕಗಳ ಬಗೆಗಿನ ಭಯ ಇನ್ನೊಂದು ತುದಿಗೆ ಹೋಗಿದೆ. 2023ರಲ್ಲಿ ಆಸ್ಪರ್ಟೇಮ್ ಎಂಬ ಸಿಹಿಕಾರಕವನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ ವರ್ಗಕ್ಕೆ ಸೇರಿಸಿದ್ದು ನಿಜ. ಆ ವರ್ಗೀಕರಣಕ್ಕೆ ದೊರೆತ ಪುರಾವೆ ಸೀಮಿತ. ಅದೇ ಹೊತ್ತಿಗೆ ತಜ್ಞರ ಸಮಿತಿಯೊಂದು ದಿನಕ್ಕೆ ದೇಹತೂಕದ ಪ್ರತಿ ಕಿಲೊಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಅರವತ್ತು ಕಿಲೊ ತೂಗುವವರಿಗೆ ಅದು 2,400 ಮಿಲಿಗ್ರಾಂ. ಚಹಾಕ್ಕೆ ಹಾಕುವ ಪುಟ್ಟ ಗುಳಿಗೆಯಲ್ಲಿ ಇರುವುದು ಹತ್ತಿಪ್ಪತ್ತು ಮಿಲಿಗ್ರಾಂ. ಫಿನೈಲ್‌ಕೀಟೋನ್ಯೂರಿಯಾ ಎಂಬ ಆನುವಂಶಿಕ ತೊಂದರೆ ಇರುವವರು ಮಾತ್ರ ಅದನ್ನು ಮುಟ್ಟಬಾರದು. ತೂಕ ಇಳಿಸಲೆಂದು ಸಿಹಿಕಾರಕಗಳನ್ನು ನೆಚ್ಚಬೇಡಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ ವರ್ಷದ್ದು; ಈಗಾಗಲೇ ಮಧುಮೇಹ ಇರುವವರಿಗೆ ಅದು ಅನ್ವಯಿಸುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳಲೇಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಿಂದ ಸಕ್ಕರೆ ಡಬ್ಬಿಯನ್ನು ಪೂರ್ತಿ ಹೊರಹಾಕಬೇಡಿ. ರಕ್ತದ ಗ್ಲೂಕೋಸ್ ಕುಸಿದು ಕೈ ನಡುಗಿ ಬೆವರು ಬಂದಾಗ ಸಿಹಿಕಾರಕದ ಗುಳಿಗೆಯಿಂದ ಯಾವ ಪ್ರಯೋಜನವೂ ಇಲ್ಲ. ಎಚ್ಚರವಿದ್ದರೆ ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.