"ಇದರಾಗ ಎಷ್ಟು ದೂರದ್ದು ಬರ್ತೈತ್ರಿ?"

ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮನೆ ಹೊಸ್ತಿಲು ದಾಟಿದರೆ ಸಾಕು, ಈ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಗದಗ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಕೇಳಿದ್ದಾರೆ. ಮಾಗಡಿ ಕೆರೆ ಹತ್ತಿರ ಎಮ್ಮೆ ಕಾಯುವ ಹುಡುಗ ಕೇಳಿದ್ದಾನೆ. ಒಂದು ಮದುವೆ ಮನೆಯಲ್ಲಿ, ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ, ಬೀಗರು ಕೇಳಿದ್ದಾರೆ. ನಮ್ಮ ಶಾಲೆಯ ಮಕ್ಕಳಂತೂ ಬಿಡುವುದೇ ಇಲ್ಲ. "ಅಕ್ಕಾರ, ಇದರಾಗ ಎಷ್ಟು ದೂರದ್ದು ಬರ್ತೈತ್ರಿ?"

ಮೊದಮೊದಲು "83 ಪಟ್ಟು" ಎನ್ನುತ್ತಿದ್ದೆ. ಕೇಳಿದವರು ಖುಷಿಯಾಗಿ ತಲೆ ಆಡಿಸುತ್ತಿದ್ದರು. ಈಗ ಉತ್ತರ ಬದಲಾಗಿದೆ. "ಚಂದ್ರ ಬರ್ತಾನ. ಕೆರೀ ಆಚೀ ದಂಡಿ ಬಾತುಕೋಳಿ ಬರಂಗಿಲ್ಲ" ಎನ್ನುತ್ತೇನೆ. ಜನ ನಗುತ್ತಾರೆ. ಅಕ್ಕಾರ ತಮಾಷೆ ಮಾಡ್ತಾರೆ ಅಂದುಕೊಳ್ಳುತ್ತಾರೆ. ತಮಾಷೆ ಅಲ್ಲ. ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನದು ನಿಕಾನ್ ಪಿ950. ಸೂಪರ್‌ಝೂಮ್ ಅನ್ನುವ ಜಾತಿ. ಲೆನ್ಸ್ ಬಿಚ್ಚುವ ಹಾಗಿಲ್ಲ, ಬದಲಿಸುವ ಹಾಗಿಲ್ಲ. ಇರುವ ಒಂದೇ ಲೆನ್ಸ್ ಆಮೆಯ ಕೊರಳಿನಂತೆ ಒಳಗೂ ಹೊರಗೂ ಆಡುತ್ತದೆ. ತೂಕ ಒಂದು ಕಿಲೋ. ದೊಡ್ಡ ಲೆನ್ಸಿನವರ ಸಾಮಾನು ನನ್ನ ಭುಜಕ್ಕೂ ಆಗದು, ಪಗಾರಕ್ಕೂ ಆಗದು. ಹಾಗಾಗಿ ಇದು.

83 ಅಂದರೆ ಕಣ್ಣಿಗಿಂತ 83 ಪಟ್ಟು ಹತ್ತಿರ ಅಂತ ನಾನೂ ನಂಬಿದ್ದೆ. ಹಾಗಲ್ಲ. ಲೆನ್ಸ್ ಪೂರ್ತಿ ಒಳಗಿದ್ದಾಗ 24 ಮಿಲಿಮೀಟರ್ ಲೆನ್ಸಿನಷ್ಟು ಅಗಲ ಕಾಣುತ್ತದೆ. ಪೂರ್ತಿ ಚಾಚಿದಾಗ 2000 ಮಿಲಿಮೀಟರ್ ಲೆನ್ಸಿನಷ್ಟು ಹತ್ತಿರ. 2000ವನ್ನು 24ರಿಂದ ಭಾಗಿಸಿದರೆ 83, ಅಷ್ಟೇ. ನಮ್ಮ ಬರಿಗಣ್ಣಿನ ನೋಟಕ್ಕೆ 50 ಮಿಲಿಮೀಟರ್ ಹತ್ತಿರ ಅಂತಾರೆ. ಆ ಲೆಕ್ಕ ಹಿಡಿದರೆ 40 ಪಟ್ಟು. ಅದೂ ಕಡಿಮೆಯೇನಲ್ಲ ಬಿಡಿ. ಆದರೆ ಈ 2000 ಕೂಡ ಹಳೆಯ ಫಿಲ್ಮ್ ಕ್ಯಾಮೆರಾಗೆ ಹೋಲಿಸಿದ ಲೆಕ್ಕ. ಲೆನ್ಸಿನ ನಿಜವಾದ ಅಳತೆ 357 ಮಿಲಿಮೀಟರ್. ಒಳಗೆ ಬೆಳಕು ಹಿಡಿಯುವ ಸೆನ್ಸರ್ ಹೆಚ್ಚುಕಡಿಮೆ ಒಂದು ಕಡಲೆಕಾಳಿನಷ್ಟು. ಅದರಲ್ಲಿ ಹಿಡಿಯುವುದು ನೋಟದ ನಡುವಿನ ಸಣ್ಣ ಚೂರು ಮಾತ್ರ. ಆ ಚೂರನ್ನೇ ಹಿಗ್ಗಿಸಿ ತೋರಿಸಿದಾಗ ದೂರದ್ದು ಹತ್ತಿರ ಬಂತು ಅನ್ನಿಸುತ್ತದೆ. ಸೆನ್ಸರ್ ಚಿಕ್ಕದಾದರೆ ಅದಕ್ಕೆ ಸಿಗುವ ಬೆಳಕೂ ಕಡಿಮೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕೊಂಡ ಮೇಲೆ ಮೊದಲು ಹೋದದ್ದು ಮಾಗಡಿಗೆ. ಡಿಸೆಂಬರ್ ತಿಂಗಳ ಭಾನುವಾರ. ರೊಟ್ಟಿ ಬಡಿದು, ಬಟ್ಟೆ ಒಗೆದು, ಎಲ್ಲರಿಗೂ ಊಟ ಇಟ್ಟು ಹೊರಟೆ. ಗದಗದಿಂದ ಸುಮಾರು 26 ಕಿಲೋಮೀಟರ್. ಕೆರೆ ಮುಟ್ಟಿದಾಗ ಹನ್ನೊಂದೂವರೆ.

ಶಿರಹಟ್ಟಿ ತಾಲ್ಲೂಕಿನ ಈ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಕೆರೆ-ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಚಳಿಗಾಲದಲ್ಲಿ ಇಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಇಳಿಯುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಇದು. ಮೈಗೆ ಯಂತ್ರ ಕಟ್ಟಿ ಹಿಂಬಾಲಿಸಿದವರು 7290 ಮೀಟರ್ ಎತ್ತರದಲ್ಲಿ ಹಾರಿದ್ದನ್ನು ದಾಖಲಿಸಿದ್ದಾರೆ. ಅಷ್ಟು ದೂರದ್ದೆಲ್ಲ ಹಕ್ಕಿಯೇ ಹಾರಿಬಂದು ಮುಗಿಸಿತ್ತು. ನನಗೆ ಉಳಿದದ್ದು ನಡುವಿನ 300 ಮೀಟರ್ ನೀರು ಮಾತ್ರ. ಅದಕ್ಕೇ ಅಲ್ವಾ ಕ್ಯಾಮೆರಾ ತಂದದ್ದು ಅಂದುಕೊಂಡು ಪೂರ್ತಿ ಝೂಮ್ ಮಾಡಿ ಒಂದೇ ಸಮ ಗುಂಡಿ ಒತ್ತಿದೆ. ಇನ್ನೂರಕ್ಕಿಂತ ಜಾಸ್ತಿ ಫೋಟೋ ಆದವು.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಒಂದೂ ಸರಿಯಿಲ್ಲ. ಬಾತಿನ ಕೊರಳು ನೀರಲ್ಲಿ ಅದ್ದಿದ ಕೋಲಿನ ಹಾಗೆ ಸೊಟ್ಟ. ಕಪ್ಪು ಪಟ್ಟೆ ಕಲಸಿಹೋಗಿದೆ. ಕೆಟ್ಟ ಪೀಸ್ ಬಂದಿದೆ ಅಂತ ತೀರ್ಮಾನಿಸಿದೆ. ಬೆಳಗಾದರೆ ಅಂಗಡಿಗೆ ಹೋಗಿ ಜಗಳ ತೆಗೆಯುವುದೊಂದೇ ಬಾಕಿ. ಅವತ್ತು ರಾತ್ರಿ ಸುಮ್ನೆ ಮಾಳಿಗೆ ಮೇಲೆ ಹೋಗಿ ಚಂದ್ರನತ್ತ ತಿರುಗಿಸಿದೆ. ಒಂದೊಂದು ಕುಳಿಯೂ ಕೆತ್ತಿಟ್ಟಂತೆ ಕಂಡಿತು. 3,84,000 ಕಿಲೋಮೀಟರ್ ಆಚೆಯ ಚಂದ್ರ ಬಂದ, 300 ಮೀಟರ್ ಆಚೆಯ ಬಾತು ಬರಲಿಲ್ಲ. ಜಗಳದ ಆಸೆ ಅಲ್ಲಿಗೆ ಬಿಟ್ಟೆ.

ಬಿಸಿಲುಗುದುರೆ ನೋಡದವರು ನಮ್ಮ ಎರೆ ಸೀಮೆಯಲ್ಲಿ ಯಾರಿದ್ದಾರೆ? ಕಪ್ಪು ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಕಾದು ಮೇಲೇಳುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಬಿಸಿ ಗಾಳಿಯಿಂದ ತಂಪು ಗಾಳಿಗೆ, ತಂಪಿನಿಂದ ಬಿಸಿಗೆ ಹೋಗುವಾಗೆಲ್ಲ ಬೆಳಕು ಚೂರು ಚೂರು ಬಾಗುತ್ತದೆ. ಬರಿಗಣ್ಣಿಗೆ ಇದು ಮೇ ತಿಂಗಳ ರಸ್ತೆಯಲ್ಲಿ ಮಾತ್ರ ಕಾಣುತ್ತದೆ. ಕ್ಯಾಮೆರಾಗೆ ಡಿಸೆಂಬರ್‌ನಲ್ಲೂ ಕಾಣುತ್ತದೆ, ಯಾಕೆಂದರೆ ಅದು ಹಕ್ಕಿಯನ್ನು 40 ಪಟ್ಟು ಹಿಗ್ಗಿಸುವಾಗ ನಡುವಿನ ಗಾಳಿಯ ಕುಣಿತವನ್ನೂ 40 ಪಟ್ಟು ಹಿಗ್ಗಿಸುತ್ತದೆ. ಚಂದ್ರನ ಬೆಳಕು ದಾರಿಯ ಕೊನೆಯಲ್ಲಿ ಮಾತ್ರ ಗಾಳಿಗೆ ಸಿಗುತ್ತದೆ, ಅದೂ ಮೇಲಿನಿಂದ ಇಳಿದು ಬರುತ್ತದೆ. ಹೆಬ್ಬಾತಿನಿಂದ ಬರುವ ಬೆಳಕು ಮಾತ್ರ ಉದ್ದಕ್ಕೂ ಆ ಕುದಿಯುವ ಗಾಳಿಯಲ್ಲೇ ತೆವಳಿ ಬರಬೇಕು. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಲಕ್ಷಗಟ್ಟಲೆ ಬೆಲೆಯ ಲೆನ್ಸಿಗೂ ಇದೇ ಪಾಡು ಅಂತ ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು.

ಈಗ ಸೂರ್ಯ ಹುಟ್ಟುವ ಹೊತ್ತಿಗೆ ಕೆರೆ ಹತ್ತಿರ ಇರುತ್ತೇನೆ. ಒಂಬತ್ತೂವರೆಗೆ ಚೀಲ ಕಟ್ಟುತ್ತೇನೆ. ರೊಟ್ಟಿ ಆ ಒಂದು ದಿನ ಮನೆಯವರೇ ಬಡಿದುಕೊಳ್ಳುತ್ತಾರೆ, ಆಕಾರದ ಬಗ್ಗೆ ನಾನು ಮಾತಾಡುವುದಿಲ್ಲ. ಚಳಿ ಜೋರಾಗಿರುವ ಬೆಳಗ್ಗೆ ನೀರೇ ಹೊಗೆಯಾಡುತ್ತದೆ, ಆಗಲೂ ಫೋಟೋ ಮಂಕು. ಅದಿಲ್ಲದ ದಿನ ಸೂರ್ಯ ಬೆನ್ನಿಗೆ ಬರುವ ಕಡೆ ಹುಡುಕಿ ಕೂರುತ್ತೇನೆ. ಹೊಲದಲ್ಲಿ ಮೇಯ್ದ ಹಿಂಡು ವಾಪಸ್ ಕೆರೆಗೆ ಬರುವ ಹೊತ್ತು ಅದು. ಅಲುಗದೆ ಕೂತರೆ ಕೆಲವು ನನ್ನ ತಲೆ ಮೇಲೆಯೇ ಹಾದು ಇಳಿಯುತ್ತವೆ. 2000 ಬೇಕಾಗುವುದೇ ಇಲ್ಲ.

ಇನ್ನು ಹಕ್ಕಿಯನ್ನು ಹುಡುಕುವ ಕಥೆ. ಪೂರ್ತಿ ಝೂಮ್‌ನಲ್ಲಿ 100 ಮೀಟರ್ ದೂರದಲ್ಲಿ ಕಾಣುವ ಜಾಗದ ಅಗಲ ಸುಮಾರು ಒಂದೂಮುಕ್ಕಾಲು ಮೀಟರ್ ಮಾತ್ರ. ಕೈ ಕೂದಲೆಳೆಯಷ್ಟು ಸರಿದರೆ ಹಕ್ಕಿ ಮಾಯ. ಆಮೇಲೆ ಕಾಣುವುದೆಲ್ಲ ನೀಲಿ ಆಕಾಶ, ಇಲ್ಲ ಯಾವುದೋ ಎಲೆ. ಹೊಸಬರು ಇಲ್ಲಿಯೇ ಸೋಲುತ್ತಾರೆ. ನಾನು ಒಂದು ತಿಂಗಳು ಸೋತೆ.

ನಮ್ಮ ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತವರು ಹರಿದ ಎಳೆ ಹುಡುಕುವುದನ್ನು ನೋಡಿದ್ದೀರಾ? ನೇರ ಎಳೆಗೆ ಕೈ ಹಾಕುವುದಿಲ್ಲ. ಮೊದಲು ಇಡೀ ಹಾಸಿನ ಮೇಲೆ ಕಣ್ಣು ಆಡಿಸುತ್ತಾರೆ, ಎಲ್ಲಿ ಸಡಿಲಾಗಿದೆ ನೋಡುತ್ತಾರೆ, ಆಮೇಲೆ ಬಗ್ಗುತ್ತಾರೆ. ಕ್ಯಾಮೆರಾಗೂ ಹಾಗೇ. ಮೊದಲು ಅಗಲವಾಗಿ ನೋಡಿ ಹಕ್ಕಿಯನ್ನು ನಡುವಿಗೆ ತರಬೇಕು, ಅಲ್ಲಿಂದ ನಿಧಾನಕ್ಕೆ ಒಳಗೆ ಹೋಗಬೇಕು. ತಪ್ಪಿಹೋದರೆ ಲೆನ್ಸಿನ ಪಕ್ಕದಲ್ಲಿ ಒಂದು ಗುಂಡಿ ಇದೆ. ಒತ್ತಿ ಹಿಡಿದರೆ ಝೂಮ್ ತಾತ್ಕಾಲಿಕವಾಗಿ ಹಿಂದೆ ಸರಿಯುತ್ತದೆ. ಹಕ್ಕಿಯನ್ನು ಮತ್ತೆ ನಡುವಿಗೆ ತಂದು ಬಿಟ್ಟರೆ ಮೊದಲಿನ ಝೂಮ್‌ಗೆ ತಾನೇ ಮರಳುತ್ತದೆ. ನನ್ನ ಮಟ್ಟಿಗೆ ಇಡೀ ಯಂತ್ರದಲ್ಲಿ ಇದಕ್ಕಿಂತ ಉಪಯೋಗದ ಗುಂಡಿ ಇನ್ನೊಂದಿಲ್ಲ. ಅದು ಯಾಕಿದೆ ಅಂತ ತಿಳಿಯಲು ಎರಡು ತಿಂಗಳು ಬೇಕಾಯಿತು, ಯಾಕೆಂದರೆ ಕ್ಯಾಮೆರಾ ಜೊತೆ ಬಂದ ಪುಸ್ತಕ ಓದಿರಲಿಲ್ಲ. ಮಕ್ಕಳಿಗೆ "ಮೊದಲು ಪ್ರಶ್ನೆ ಓದ್ರಿ, ಆಮ್ಯಾಲೆ ಬರೀರಿ" ಅನ್ನುವುದು ನಾನೇ.

ಅಭ್ಯಾಸ ಮಾಡಿದ್ದು ಮಾಳಿಗೆ ಮೇಲೆ. ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ದಿನಾ ಸಂಜೆ ಕಾಗೆ ಕೂರುತ್ತಿತ್ತು. ಎದುರು ಮನೆಯವರು ಮೊದಲು ಕಿಟಕಿ ಪರದೆ ಎಳೆದರು. ಹೋಗಿ ಕಾಗೆಯ ಫೋಟೋ ತೋರಿಸಿ ಬಂದ ಮೇಲೆ ಪರದೆ ಸರಿಯಿತು.

ಕೈ ನಡುಕ ತಡೆಯುವ ವ್ಯವಸ್ಥೆ ಕ್ಯಾಮೆರಾದಲ್ಲಿದೆ, ಒಳ್ಳೆಯದೇ ಇದೆ. ಆದರೆ ಅದು ನಿಲ್ಲಿಸುವುದು ನನ್ನ ಕೈಯನ್ನು, ಹಕ್ಕಿಯ ತಲೆಯನ್ನಲ್ಲ. ಆಟೋದಲ್ಲಿ ಬಿಟ್ಟರೆ ಕೆಲವೊಮ್ಮೆ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಬಾಗಿಲು, ತೀರಾ ನಿಧಾನವಾಗುತ್ತದೆ. ಡಯಲ್‌ನಲ್ಲಿ ಹಕ್ಕಿಗಳಿಗೆ ಅಂತಲೇ ಒಂದು ಮೋಡ್ ಇದೆ, ಶುರುವಿಗೆ ಅದು ಸಾಕು. ನಾನು ಈಗ ಶಟರ್ ವೇಗ ನಾವೇ ಆರಿಸುವ ಎಸ್ ಮೋಡ್‌ನಲ್ಲಿ ಕೂತ ಹಕ್ಕಿಗೆ 1/500 ಸೆಕೆಂಡ್, ಹಾರುವುದಕ್ಕೆ 1/1000ಕ್ಕಿಂತ ಜೋರು ಇಡುತ್ತೇನೆ. ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಐಎಸ್‌ಒ ಅಳತೆ 800 ದಾಟಲು ಬಿಡುವುದಿಲ್ಲ. ದಾಟಿದರೆ ರೆಕ್ಕೆಯ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ.

ಆಸರೆಗೆ ಹಳೆ ದಿಂಬಿನ ಬಟ್ಟೆ ಹೊಲಿದು ಎರಡು ಕಿಲೋ ಜೋಳ ತುಂಬಿದೆ. ಅದರ ಮೇಲೆ ಕ್ಯಾಮೆರಾ ಇಟ್ಟರೆ ಗಟ್ಟಿ ಕೂರುತ್ತದೆ. ನಮ್ಮ ಅತ್ತೆಯವರಿಗೆ ಸಿಟ್ಟು. "ತಿನ್ನೋ ಜ್ವಾಳ ಕೆರೀ ದಂಡಿಗೆ ಯಾಕ ಒಯ್ತಿಯವಾ?" ವಾರದೊಳಗೆ ಇಲಿಗಳೂ ಅತ್ತೆಯವರ ಪಕ್ಷ ಸೇರಿ ಚೀಲ ಕಡಿದವು. ಈಗ ಅದರಲ್ಲಿ ಮರಳು. ಭಾರ ಜಾಸ್ತಿ, ಮಾತು ಕಡಿಮೆ.

ಫೋಕಸ್ ಬಗ್ಗೆ ಒಂದು ಮಾತು. ಜಾಲಿ ಗಿಡದಲ್ಲಿ ಕೂತ ಹಕ್ಕಿಯನ್ನು ತೆಗೆದರೆ ಮುಳ್ಳು ಒಂದೊಂದೂ ಸ್ಪಷ್ಟ, ಹಿಂದೆ ಹಕ್ಕಿ ಹತ್ತಿಯ ಉಂಡೆ. ಫೋಕಸ್ ಚೌಕವನ್ನು ತೀರ ಸಣ್ಣದು ಮಾಡಿ ನಡುವಿಗೆ ಇಟ್ಟುಕೊಂಡ ಮೇಲೆ ಪರವಾಗಿಲ್ಲ. ಒಮ್ಮೆ ಮಿಂಚುಳ್ಳಿ ನನ್ನಿಂದ ನಾಲ್ಕು ಹೆಜ್ಜೆ ದೂರದ ಕಲ್ಲಿನ ಮೇಲೆ ಬಂದು ಕೂತಿತು. ನಾನು ಪೂರ್ತಿ ಝೂಮ್‌ನಲ್ಲಿದ್ದೆ. ಆ ಸ್ಥಿತಿಯಲ್ಲಿ 5 ಮೀಟರ್‌ಗಿಂತ ಹತ್ತಿರದ್ದಕ್ಕೆ ಫೋಕಸ್ ಆಗುವುದೇ ಇಲ್ಲ. ಲೆನ್ಸ್ ಗುರ್ರ್ ಅಂತ ಒಳಗೆ ಬರುವಷ್ಟರಲ್ಲಿ ಮಿಂಚುಳ್ಳಿ ಹೋಯಿತು. ಎಷ್ಟು ಹತ್ತಿರದ್ದು ಬರ್ತೈತಿ ಅಂತ ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೂ ಹೋಗಿ ಬಂದೆ. 119 ಚದರ ಕಿಲೋಮೀಟರ್, 1974ರಲ್ಲಿ ಆದದ್ದು. ನಮ್ಮ ಕಡೆ ಅವಕ್ಕೆ ಚಿಗರಿ ಅಂತಾರೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರು. ಗಂಡು ಚಿಗರಿಯ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಕ್ಯಾಮೆರಾ ಕಪ್ಪಿಗೆ ಮಣಿದರೆ ಹೊಟ್ಟೆ ಸುಣ್ಣ ಬಳಿದಂತಾಗುತ್ತದೆ. ಎಕ್ಸ್‌ಪೋಶರ್, ಅಂದರೆ ಫೋಟೋಗೆ ಬೀಳುವ ಬೆಳಕು, ಸ್ವಲ್ಪ ಕೆಳಗಿಳಿಸಬೇಕು. ಮೇಯುತ್ತಿದ್ದದ್ದು ತಲೆ ಎತ್ತಿ ನನ್ನತ್ತ ನೋಡಿದರೆ ನಾನು ಅಲ್ಲೇ ನಿಲ್ಲುತ್ತೇನೆ. ಮತ್ತೆ ತಲೆ ತಗ್ಗಿಸದಿದ್ದರೆ ಹಿಂದೆ ಬರುತ್ತೇನೆ. ಝೂಮ್ ಇರುವುದೇ ಅದಕ್ಕೆ.

ನಮ್ಮ ಅಣ್ಣನ ಮಗ ಬಂದು "ನನ್ನ ಮೊಬೈಲ್‌ದಾಗ 100 ಪಟ್ಟು ಐತಿ ಅತ್ತಿ" ಅಂದ. ಅದರಲ್ಲಿ ಬಹುಪಾಲು ಚಿತ್ರವನ್ನು ಕತ್ತರಿಸಿ ಹಿಗ್ಗಿಸಿದ್ದು. ನನ್ನ ಕ್ಯಾಮೆರಾದಲ್ಲೂ 83ರ ಆಚೆಗೆ ಅಂಥ ಡಿಜಿಟಲ್ ಝೂಮ್ ಇದೆ. ಆಫ್ ಮಾಡಿಟ್ಟಿದ್ದೇನೆ. ಎಷ್ಟಕ್ಕೆ ಬಿತ್ತು ಅಂತಲೂ ಕೇಳುತ್ತಾರೆ. ಅದು ಅತ್ತೆಯವರಿಗೇ ಗೊತ್ತಿಲ್ಲ, ಇಲ್ಲಿ ಬರೆಯುವುದಿಲ್ಲ.

ದೂರದ್ದು ಬಂದೇ ಬರಬೇಕು ಅಂತ ನನಗೂ ಆಸೆಯಿರುವ ಒಂದು ಸಂದರ್ಭ ಇದೆ. ಯಾವ ಹಕ್ಕಿ ಎಲ್ಲಿಗೆ ಹೋಯಿತು ಅಂತ ತಿಳಿಯಲು ಮಂಗೋಲಿಯಾದಲ್ಲಿ ಹೆಬ್ಬಾತುಗಳ ಕೊರಳಿಗೆ ಅಕ್ಷರ ಬರೆದ ಪಟ್ಟಿ ಹಾಕಿ ಬಿಡುತ್ತಾರೆ. ಅಂಥವು ಕರ್ನಾಟಕದಲ್ಲೂ ಕಂಡಿವೆ. ಅಲ್ಲಿ ಫೋಟೋ ಚಂದ ಇರಬೇಕಿಲ್ಲ, ಅಕ್ಷರ ಓದಲು ಬಂದರೆ ಸಾಕು. ಪ್ರತಿ ವರ್ಷ ಒಂದೊಂದೇ ಕೊರಳು ನೋಡುತ್ತಾ ಹೋಗುತ್ತೇನೆ. ನನಗೆ ಇನ್ನೂ ಸಿಕ್ಕಿಲ್ಲ.

ಕಳೆದ ಜನವರಿಯಲ್ಲಿ ಹೀಗೇ ಕೊರಳು ಹುಡುಕುತ್ತಾ ಮಾಗಡಿ ಹತ್ತಿರದ ಹೊಲದ ದಾರಿಯಲ್ಲಿದ್ದೆ. ಏಳು ಗಂಟೆ ಆಗಿತ್ತು. ತಲೆಗೆ ಟವೆಲ್ ಸುತ್ತಿದ್ದ ರೈತರೊಬ್ಬರು ಬದುವಿನ ಮೇಲೆ ನಿಂತಿದ್ದರು. ಕ್ಯಾಮೆರಾ ನೋಡಿ ಅದನ್ನೇ ಕೇಳಿದರು. ನಾನು "ಚಂದ್ರ ಬರ್ತಾನ್ರಿ" ಅಂತ ಶುರು ಮಾಡಿದೆ.

"ಚಂದ್ರ ಬ್ಯಾಡ್ರಿ. ಅಲ್ಲಿ ಜಾಲಿ ಗಿಡದ ಆಚೀಗೆ ಕಡ್ಲಿ ಹೊಲದಾಗ ಬಾತುಕೋಳಿ ಕುಂತಾವೇನು ನೋಡಿ ಹೇಳ್ರಿ."

ಅರ್ಧ ಕಿಲೋಮೀಟರ್ ಇದ್ದೀತು. ಮರಳಿನ ಚೀಲ ಬದುವಿನ ಮೇಲಿಟ್ಟೆ. ಬಿಸಿಲು ಇನ್ನೂ ಏರಿರಲಿಲ್ಲ, ಗಾಳಿ ಸುಮ್ಮನಿತ್ತು. ಬೂದು ಬಣ್ಣದ ಒಂದು ಸಾಲು ಕಂಡಿತು, ತಲೆಗಳು ಮೇಲೆ ಕೆಳಗೆ ಆಗುತ್ತಿದ್ದವು. ಪಟ್ಟೆ ಎಣಿಸುವಷ್ಟು ಇಲ್ಲದಿದ್ದರೂ ಹೆಬ್ಬಾತೇ. ಪರದೆ ಅವರ ಕಡೆ ತಿರುಗಿಸಿದೆ. ಬೆಳಕಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಅಲ್ಲೊಂದು ಬಿಳೇ ಕಲ್ಲು ನೆಟ್ಟೈತಿ. ಅದರ ಈಚೀಗೆ ಅದಾವೋ, ಆಚೀಗೋ?"

ಕ್ಯಾಮೆರಾ ಸ್ವಲ್ಪ ಸರಿಸಿದೆ. ಕಲ್ಲು ಕಂಡಿತು. ಹಿಂಡು ಪೂರ್ತಿ ಅದರ ಆಚೆಗಿತ್ತು. ಹೇಳಿದೆ.

"ಹಂಗಾರ ಅದು ನಮ್ಮ ಕಾಕಾನ ಹೊಲ" ಎಂದು ಅಲ್ಲೇ ಬದುವಿನ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದರು.