ಅದು ನಮ್ಮ ಹೂರಣವೇ ಅಲ್ವಾ?

ಕ್ಯೋಟೊಗೆ ಬಂದು ಒಂಬತ್ತು ವರ್ಷವಾಯಿತು. ಮನೆಯಲ್ಲಿ ಅಂಕೊ ಮಾಡಲು ಶುರುಮಾಡಿ ಏಳು ವರ್ಷ. ಅಂಕೊ ಅಂದರೆ ಅಜುಕಿ ಎಂಬ ಪುಟ್ಟ ಕೆಂಪು ಕಾಳನ್ನು ಬೇಯಿಸಿ, ಸಕ್ಕರೆ ಹಾಕಿ ಮಗುಚಿ ಮಾಡುವ ಸಿಹಿ. ಜಪಾನಿನ ಸಿಹಿ ತಿಂಡಿಗಳಾದ ದೊರಾಯಾಕಿ, ತೈಯಾಕಿ, ಅಂಪಾನ್, ಮಂಜೂ, ಎಲ್ಲದರ ಒಳಗೂ ಸಾಮಾನ್ಯವಾಗಿ ಇರುವುದು ಇದೇ. ಈ ಏಳು ವರ್ಷದಲ್ಲಿ ಫೋನಿನಲ್ಲಿ, ಊರಿಗೆ ಹೋದಾಗ, ಮದುವೆಮನೆ ಪಂಕ್ತಿಯಲ್ಲಿ ಕೂತಾಗಲೂ ನಾನು ಕೇಳಿಸಿಕೊಂಡ ಪ್ರಶ್ನೆ ಒಂದೇ: "ಅದು ನಮ್ಮ ಹೋಳಿಗೆ ಹೂರಣವೇ ಅಲ್ವಾ?"

ಅಲ್ಲ.

ಕಾಳು ಬೇಯಿಸಿ ಸಿಹಿ ಹಾಕುವುದು ಎರಡರಲ್ಲೂ ಇದೆ, ಒಪ್ಪುತ್ತೇನೆ. ನನಗೆ ಬೇಜಾರಾಗುವುದು ಆ "ಅಲ್ವಾ" ಕೇಳಿದಾಗ. ಉತ್ತರವನ್ನು ಅವರೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ನಾನು ಹೂಂ ಅನ್ನಬೇಕು ಅಷ್ಟೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಬೌದ್ಧರ ಜೊತೆ ನಮ್ಮಿಂದಲೇ ಹೋಗಿರಬೇಕು" ಅನ್ನುತ್ತಾರೆ. ಅಂಕೊ ಬಂದದ್ದು ಚೀನಾ ಕಡೆಯಿಂದ. ಅಲ್ಲಿ ಇಂಥ ತಿಂಡಿಗಳ ಒಳಗೆ ಮಾಂಸ ಇರುತ್ತಿತ್ತು. ಮಾಂಸ ತಿನ್ನದ ಜಪಾನಿನ ಜೆನ್ ಬೌದ್ಧ ಸನ್ಯಾಸಿಗಳ ಅಡುಗೆಮನೆಯಲ್ಲಿ ಆ ಜಾಗಕ್ಕೆ ಅಜುಕಿ ಬಂತು. ಅಂಕೊದಿಂದಲೇ ಮಾಡುವ ಯೋಕಾನ್ ಎಂಬ ಸಿಹಿಯ ಹೆಸರನ್ನು ಬರೆಯುವ ಅಕ್ಷರಗಳಿಗೆ ಇವತ್ತಿಗೂ ಕುರಿ ಸಾರು ಅಂತಲೇ ಅರ್ಥ.

ಒಲೆ ಮುಂದೆ ನಿಂತರೆ ವ್ಯತ್ಯಾಸ ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಹೂರಣದ ಬೇಳೆ ಬೆಂದ ನೀರನ್ನು ನಮ್ಮಲ್ಲಿ ಯಾರೂ ಚೆಲ್ಲುವುದಿಲ್ಲ. ಬಸಿದ ಕಟ್ಟು ಒಬ್ಬಟ್ಟಿನ ಸಾರಾಗುತ್ತದೆ. ಅಜುಕಿಯ ಮೊದಲ ನೀರನ್ನು ಚೆಲ್ಲಬೇಕು. ಕುದಿ ಬಂದ ಸ್ವಲ್ಪ ಹೊತ್ತಿಗೆ ಅದು ಕಂದುಗೆಂಪಾಗುತ್ತದೆ. ನಾಲಿಗೆಗೆ ಹಚ್ಚಿ ನೋಡಿ, ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ಇದನ್ನು ಬಸಿಯುವುದಕ್ಕೆ ಶಿಬುಕಿರಿ ಅನ್ನುತ್ತಾರೆ, ಒಗರು ತೆಗೆಯುವುದು ಅಂತ. ಆಮೇಲೆ ಹೊಸ ನೀರು, ಸಣ್ಣ ಉರಿ, ಒಂದು ಗಂಟೆಗೂ ಮೇಲೆ.

ಸಕ್ಕರೆ ಹಾಕುವ ಹೊತ್ತು ಮುಖ್ಯ. ನಾನು ಮೊದಲ ಸಲ ಆತುರ ಪಟ್ಟೆ. ಕಾಳು ಮುಕ್ಕಾಲು ಬೆಂದಿತ್ತು, ಸಕ್ಕರೆ ಸುರಿದೆ. ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗಲಿಲ್ಲ. ಪಕ್ಕದ ಮನೆ ಅಜ್ಜಿಗೆ ತೋರಿಸಿದೆ. ಅವರು ಒಂದು ಕಾಳು ತೆಗೆದು ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಇಟ್ಟು ಒತ್ತಿದರು. ಜಾರಿಹೋಯಿತು. "ಕಿರುಬೆರಳಿಗೆ ಬಲವಿಲ್ಲ. ಆ ಬೆರಳಿಗೂ ಹಿಸುಕಲು ಬರಬೇಕು, ಆಮೇಲೆ ಸಕ್ಕರೆ" ಅಂದರು. ಅವತ್ತಿನಿಂದ ನನಗೂ ಅದೇ ಅಳತೆ.

ಮಿಕ್ಸಿಗೆ ಹಾಕಬಹುದಾ ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ, ಬೇಡ. ಅಜುಕಿ ಬೆಂದಾಗ ಪಿಷ್ಟ ಸಣ್ಣ ಸಣ್ಣ ಜೀವಕೋಶಗಳ ಒಳಗೇ ಉಳಿಯುತ್ತದೆ. ಕಾಳು ಒಡೆದರೂ ಆ ಚೀಲಗಳು ಒಡೆಯುವುದಿಲ್ಲ. ಅದಕ್ಕೇ ಅಂಕೊ ಬಾಯಲ್ಲಿ ನುಣ್ಣಗೆ ಬಿಟ್ಟುಕೊಳ್ಳುತ್ತದೆ. ಮಿಕ್ಸಿಯ ಬ್ಲೇಡು ಅವನ್ನು ಹರಿದರೆ ಪಿಷ್ಟ ಹೊರಬಂದು ಗೋಂದಿನ ಹಾಗೆ ಆಗುತ್ತದೆ. ಸಿಪ್ಪೆ ಬೇಡವಾದರೆ ಜರಡಿಯಲ್ಲಿ ಉಜ್ಜಿ, ನೀರಲ್ಲಿ ತಂಗಲು ಬಿಟ್ಟು, ಬಟ್ಟೆಯಲ್ಲಿ ಹಿಂಡಬೇಕು. ಕೈ ನೋಯುತ್ತದೆ. ನಾನು ಸಾಮಾನ್ಯವಾಗಿ ಸಿಪ್ಪೆ ಸಮೇತ ಮಾಡುತ್ತೇನೆ.

ರಾಜ್ಮಾದಲ್ಲೂ ಮಾಡಬೇಡಿ. ಅದು ಅಮೆರಿಕ ಖಂಡದಿಂದ ಬಂದ ಕಾಳು, ಸಿಪ್ಪೆ ದಪ್ಪ, ರುಚಿ ಬೇರೆ. ಅಜುಕಿಯ ಹತ್ತಿರದ ನೆಂಟರು ಹೆಸರು, ಉದ್ದು, ಅಲಸಂದೆ. ಟೋಕಿಯೊ ಕಡೆ ಶುಭ ಸಮಾರಂಭಕ್ಕೆ ಮಾಡುವ ಕೆಂಪನ್ನಕ್ಕೆ, ಅಂದರೆ ಸೆಕಿಹಾನ್‌ಗೆ, ಅಜುಕಿಯ ಬದಲು ಸಾಸಾಗೆ ಹಾಕುವ ರೂಢಿ ಇದೆ. ಅಜುಕಿ ಬೆಂದಾಗ ಹೊಟ್ಟೆ ಸೀಳುತ್ತದೆ, ಹೊಟ್ಟೆ ಸೀಳಿಕೊಂಡು ಪ್ರಾಣ ಬಿಡುವ ಪದ್ಧತಿಯಿದ್ದ ಸಮುರಾಯ್ ಯೋಧರ ಊರಿನಲ್ಲಿ ಅದು ಅಪಶಕುನ ಅನ್ನಿಸಿತಂತೆ. ಸಾಸಾಗೆ ನಮ್ಮ ಅಲಸಂದೆಯ ಜಾತಿಯದೇ. ಬೆಂಗಳೂರಲ್ಲಿ ಅಜುಕಿ ಸಿಗದಿದ್ದರೆ ಕೆಂಪು ಅಲಸಂದೆ ತನ್ನಿ, ಸೆಕಿಹಾನ್ ಮಾಡಿ. ಅದಕ್ಕೆ ಮಾತ್ರ ಕಾಳು ಬೆಂದ ಕೆಂಪು ನೀರನ್ನು ಚೆಲ್ಲಬಾರದು. ಸೌಟಿನಲ್ಲಿ ಮೇಲೆತ್ತಿ ಎತ್ತಿ ಸುರಿಯಬೇಕು. ಗಾಳಿ ತಾಗಿದಷ್ಟೂ ಬಣ್ಣ ಏರುತ್ತದೆ. ಅಂಟಕ್ಕಿಯನ್ನು ಅದರಲ್ಲೇ ನೆನೆಸಿ ಆವಿಯಲ್ಲಿ ಬೇಯಿಸುವುದು.

ಮೂರು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ಅಣ್ಣ ಅತ್ತಿಗೆ ಇಲ್ಲಿಗೆ ಬಂದಿದ್ದರು. 23ನೇ ತಾರೀಖು ಬೆಳಿಗ್ಗೆ ಐದಕ್ಕೆ ಎದ್ದು ಓಹಗಿ ಮಾಡಿದೆ. ಅರೆ ಕುಟ್ಟಿದ ಅಂಟಕ್ಕಿ ಅನ್ನದ ಉಂಡೆ, ಅದರ ಮೇಲೆಲ್ಲ ಅಂಕೊ. ಅತ್ತಿಗೆ ಒಂದು ತುತ್ತು ತಿಂದು, "ಚೆನ್ನಾಗಿದೆ ಕಣೇ. ಹೂರಣವೇ ಅಲ್ವಾ? ಏಲಕ್ಕಿ ಹಾಕೋದು ಮರೆತಿದ್ದೀಯ" ಅಂದರು.

"ಮರೆತಿಲ್ಲ ಅತ್ತಿಗೆ" ಅಂದೆ. ಅಷ್ಟೇ ಹೇಳಲು ಆಗಿದ್ದು. ಎದ್ದು ಅಡುಗೆಮನೆಗೆ ಹೋದೆ.

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಗೊತ್ತು. ಆದರೆ ಅಂಕೊದಲ್ಲಿ ಸಕ್ಕರೆ ಮತ್ತು ಒಂದು ಚಿಟಿಕೆ ಉಪ್ಪು ಬಿಟ್ಟರೆ ಬೇರೇನೂ ಇರುವುದಿಲ್ಲ. ಬೆಂದ ಕಾಳಿನ ಆ ಮಣ್ಣು ಮಣ್ಣು ವಾಸನೆಯೇ ಅದರ ಜೀವ. ಏಲಕ್ಕಿ ಹಾಕಿದರೆ ಏಲಕ್ಕಿಯೊಂದೇ ಉಳಿಯುತ್ತದೆ.

ಅವತ್ತು ಅತ್ತಿಗೆ "ಇವತ್ತೇ ಯಾಕೆ ಮಾಡಿದೆ?" ಅಂತ ಕೇಳಿದ್ದರೆ ನಾನು ಅಡುಗೆಮನೆಗೆ ಹೋಗುತ್ತಿರಲಿಲ್ಲ. ಹಗಲು ರಾತ್ರಿ ಸಮ ಆಗುವ ದಿನದ ಸುತ್ತ ಏಳು ದಿನ ಇಲ್ಲಿ ಹಿಗಾನ್. ವಸಂತದಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ. ತೀರಿಹೋದವರ ಸಮಾಧಿಗೆ ಹೋಗುತ್ತಾರೆ, ಮನೆಯ ಪುಟ್ಟ ಬುದ್ಧನ ಮಂಟಪದ ಮುಂದೆ ಓಹಗಿ ಇಡುತ್ತಾರೆ. ನಮ್ಮ ಪಿತೃಪಕ್ಷ ಬರುವುದೂ ಹೆಚ್ಚುಕಡಿಮೆ ಆ ದಿನಗಳಲ್ಲೇ. ಅಮ್ಮ ಹೋಗಿ ಅದು ಮೊದಲ ವರ್ಷ. ಊರಿನ ಕಾರ್ಯಕ್ಕೆ ನನಗೆ ಬರಲು ಆಗಿರಲಿಲ್ಲ. ಅಮ್ಮನ ಫೋಟೊ ಮುಂದೆ ಒಂದು ಇಟ್ಟಿದ್ದೆ.

ಮಧ್ಯಾಹ್ನ ಪಕ್ಕದ ಅಜ್ಜಿಗೆ ಎರಡು ಕೊಡಲು ಹೋದೆ. ಅವರು ಒಂದನ್ನು ಗಂಡನ ಫೋಟೊ ಮುಂದೆ ಇಟ್ಟು ಗಂಟೆ ಬಾರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಯಾರಿಗೆ ಇಟ್ಟೆ?" ಅಂತ ಕೇಳಿದರು.

"ಅಮ್ಮನಿಗೆ."

"ಅವರಿಗೆ ಸಿಹಿ ಜಾಸ್ತಿ ಇರಬೇಕಿತ್ತಾ, ಕಡಿಮೆಯಾ?"

"ಜಾಸ್ತಿ" ಅಂದೆ.

ಅವತ್ತು ನಾನು 250 ಗ್ರಾಂ ಕಾಳಿಗೆ 200 ಗ್ರಾಂ ಸಕ್ಕರೆ ಹಾಕಿದ್ದೆ. ಈಗಲೂ ಬೇರೆ ದಿನಗಳಲ್ಲಿ ಅಷ್ಟೇ. ಸೆಪ್ಟೆಂಬರಿನಲ್ಲಿ ಮಾತ್ರ 250 ಹಾಕುತ್ತೇನೆ.